ಮೇಲಿನ ಮನೆಯ ಸದ್ದಿನ ಪುಸ್ತಕ

ಮಾರ್ಚ್ ೩

ಪ್ರೀತಿಯ ತಮ್ಮ,

ಕಿವಿ ಕೇಳದ ನಿನಗೆ ಸದ್ದಿನ ದೂರು ಬರೆಯುತ್ತಿದ್ದೇನೆ. ನಗಬೇಡ. ಈ ಕಾಗದವನ್ನು ನಿನ್ನ ಜೊತೆ ನಿನ್ನ ಹೆಂಡತಿಯೂ ಓದುತ್ತಾಳೆ ಎಂದು ಗೊತ್ತು, ಅವಳೂ ನಗಬಾರದು.

ಡಿಸೆಂಬರಿನಲ್ಲಿ ನಮ್ಮ ಮೇಲಿನ ಮನೆಗೆ ಹೊಸಬರು ಬಂದರು. ಅಪ್ಪ, ಮಗಳು, ಇಬ್ಬರೇ. ಅಪ್ಪ ಬಸ್ ಡ್ರೈವರ್ ಆಗಿದ್ದವನು, ಈಗ ನಿವೃತ್ತ. ಒಂದು ಕಾಲು ಎಳೆಯುತ್ತಾನೆ, ಕೈಯಲ್ಲಿ ಕೋಲು. ಮಗಳು ಬಿಸ್ಕತ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಮಧ್ಯಾಹ್ನ ಹನ್ನೆರಡಕ್ಕೆ ಹೊರಟರೆ ಬರುವುದು ಸಂಜೆ ಏಳೂವರೆಗೆ. ಅವಳು ಮೆಟ್ಟಿಲು ಇಳಿದಳೋ ಇಲ್ಲವೋ, ನನ್ನ ಗ್ರಹಚಾರ ಶುರು.

ಮೂವತ್ತನಾಲ್ಕು ವರ್ಷ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದ ಮೈ ಇದು. ಕೆಲಸ ಬಿಟ್ಟು ಆರು ವರ್ಷವಾದರೂ ಅಭ್ಯಾಸ ಬಿಟ್ಟಿಲ್ಲ. ಊಟವಾದ ಮೇಲೆ ನಾಲ್ಕು ಗಂಟೆಯವರೆಗೆ ಮಲಗಿದರೇ ನಾನು ಮನುಷ್ಯಳು. ಸರಿಯಾಗಿ ಅದೇ ಹೊತ್ತಿಗೆ ಅವನು ರೇಡಿಯೊ ಕಿರುಚಿಸುತ್ತಾನೆ. ಕಬ್ಬಿಣದ ಕುರ್ಚಿ ಎಳೆಯುತ್ತಾನೆ. ನನ್ನ ಮನೆಯಲ್ಲಿ ಮಿಕ್ಸಿ ತಿರುಗಿದರೆ, ಒಂದು ಪಾತ್ರೆ ಬಿದ್ದರೆ, ಅಷ್ಟೇಕೆ, ನಾನು ಜೋರಾಗಿ ಕೆಮ್ಮಿದರೂ ಸಾಕು, ಕೋಲಿನಿಂದ ನೆಲ ಕುಟ್ಟುತ್ತಾನೆ. ಅವನ ನೆಲ ಎಂದರೆ ನನ್ನ ತಲೆ. ಕಸದ ಚೀಲ ನನ್ನ ಬಾಗಿಲ ಮುಂದೆ. ಒಗೆದು ಒಣಹಾಕಿದ ಬಿಳಿ ಹೊದಿಕೆಯ ಮೇಲೆ ಅವನು ನೆಲ ಒರೆಸಿದ ನೀರು. ಮೊನ್ನೆ ಮೆಟ್ಟಿಲಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ, "ಯಾಕಪ್ಪಾ ಹೀಗೆ ಮಾಡ್ತೀರಿ?" ಎಂದು. ಅವನು ಕೋಲು ನೆಲಕ್ಕೂರಿ ನಿಂತು, "ಆಸ್ಪತ್ರೇಲಿ ಎಲ್ಲರನ್ನೂ ಸುಮ್ಮನಿರಿಸಿದ ಹಾಗೆ ನನ್ನನ್ನೂ ಸುಮ್ಮನಿರಿಸ್ತೀಯಾ ಸಿಸ್ಟರಮ್ಮ? ನನ್ನ ಮನೆ, ನನ್ನ ನೆಲ" ಎಂದ. ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದಿದ್ದವು. ನನಗೆ ಕಣ್ಣಲ್ಲಿ ನೀರು ಬಂತು. ಅದಕ್ಕೇ ಹೆಚ್ಚು ಸಿಟ್ಟು ಬಂತು.

ನಿವಾಸಿಗಳ ಸಂಘದ ಕಾರ್ಯದರ್ಶಿಯ ಹತ್ತಿರ ಹೋದರೆ ಆತ ಹಲ್ಲು ಚುಚ್ಚಿಕೊಳ್ಳುತ್ತಾ, "ಬಾಯಿ ಮಾತಲ್ಲಿ ಹೇಳಿದ್ರೆ ನಾನೇನು ಮಾಡ್ಲಿ? ಬರೆದುಕೊಂಡು ಬನ್ನಿ" ಎಂದ. ಬರೆಯುವುದು ಎಂದರೆ ನೀನು. ಗಿರಣಿಯ ಕಾರ್ಮಿಕ ಸಂಘಕ್ಕೆ ಇಪ್ಪತ್ತು ವರ್ಷ ಅರ್ಜಿ ಬರೆದವನು. ಈ ಅಕ್ಕನಿಗೂ ಒಂದು ದಾರಿ ತೋರಿಸು.

ನಿದ್ದೆಗೆಟ್ಟ
ಅಕ್ಕ


ಮಾರ್ಚ್ ೧೦

ಅಕ್ಕನಿಗೆ ನಮಸ್ಕಾರ.

ನಕ್ಕೆ, ಸುಳ್ಳೇಕೆ ಹೇಳಲಿ. ಮೂವತ್ತು ವರ್ಷ ಮಗ್ಗಗಳು ನನ್ನ ಕಿವಿ ತಿಂದವು, ಈಗ ನಾನು ಮಧ್ಯಾಹ್ನ ಎಲ್ಲಿ ಬಿದ್ದರೂ ನಿದ್ದೆ. ಬೇಕಾದರೆ ಕಿವಿ ಬದಲಿಸಿಕೊಳ್ಳೋಣ.

ಆದರೆ ವಿಷಯ ನಗೆಯದಲ್ಲ. ಮೆಟ್ಟಿಲಲ್ಲಿ ಅಷ್ಟು ಜನರ ಮುಂದೆ ಏಕವಚನದಲ್ಲಿ ಮಾತಾಡಿದನಲ್ಲ, ಅದನ್ನು ಓದಿ ನನಗೂ ರಕ್ತ ಕುದಿಯಿತು. ಒಂದು ಗಟ್ಟಿ ರಟ್ಟಿನ ಪುಸ್ತಕ ತೆಗೆದುಕೋ. ಬಿಡಿ ಹಾಳೆ ಬೇಡ, ಬಿಡಿ ಹಾಳೆಯನ್ನು ಯಾರೂ ನಂಬುವುದಿಲ್ಲ. ದಿನಾಂಕ, ಸಮಯ, ಏನಾಯಿತು, ನಿನಗೇನು ತೊಂದರೆಯಾಯಿತು, ಇಷ್ಟಕ್ಕೆ ಗೆರೆ ಹಾಕಿಕೋ. ರಾಕ್ಷಸ, ಲಫಂಗ, ಹಾಳಾದವನು ಎಂದೆಲ್ಲ ಬರೆಯಬೇಡ, ಅದನ್ನು ಓದುವವರೇ ಅಂದುಕೊಳ್ಳಲಿ. ಏನೂ ಆಗದ ದಿನ ಖಾಲಿ ಬಿಡಬೇಡ, ಸದ್ದಿಲ್ಲ ಎಂದು ಬರೆ. ಆಗ ಉಳಿದದ್ದಕ್ಕೆ ಬೆಲೆ ಬರುತ್ತದೆ. ವಾರಕ್ಕೊಮ್ಮೆ ನಕಲು ಮಾಡಿ ನನಗೆ ಕಳಿಸು, ನಾನು ತಿದ್ದುತ್ತೇನೆ. ಎರಡು ತಿಂಗಳು ಬಿಡದೆ ಬರೆದರೆ ಯಾವ ಕಾರ್ಯದರ್ಶಿಯೂ ಹಲ್ಲು ಚುಚ್ಚಿಕೊಂಡು ಕೂರಲಾರ.

ಇನ್ನೊಂದು ಮಾತು. ಏನೇ ಸದ್ದಾದರೂ ಮೇಲೆ ಹೋಗಬೇಡ. ಈ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ, ನೋಡು. ನೀನು ಒಮ್ಮೆ ಅವನ ಬಾಗಿಲು ತಟ್ಟಿದರೆ, ಜಗಳಕ್ಕೆ ಬಂದವಳು ಇವಳೇ ಎನ್ನುತ್ತಾನೆ. ಅಲ್ಲಿಗೆ ಪುಸ್ತಕ ರದ್ದಿ. ಅವನು ಕುಟ್ಟಲಿ, ನೀನು ಬರೆ.

ನಿನ್ನ ಕಡೆಯ ವಕೀಲ,
ತಮ್ಮ


ಏಪ್ರಿಲ್ ೨

ತಮ್ಮ,

ಬರೆಯುವುದು ನನಗೇನು ಹೊಸದಲ್ಲ. ಜ್ವರ, ನಾಡಿ, ಮೂತ್ರ ಎಷ್ಟು ಹೋಯಿತು ಎಂಬುದನ್ನೆಲ್ಲ ಗಂಟೆಗಂಟೆಗೆ ಬರೆದ ಕೈ. ಮಂಚದ ಪಕ್ಕದ ಮೇಜಿನ ಮೇಲೆ ಪುಸ್ತಕ, ಪೆನ್ನು, ಗಡಿಯಾರ ಮೂರನ್ನೂ ಜೋಡಿಸಿಟ್ಟಿದ್ದೇನೆ. ಈ ವಾರದ್ದರಲ್ಲಿ ಒಂದು ದಿನದ್ದು ಇಲ್ಲೇ ಬರೆಯುತ್ತೇನೆ, ಉಳಿದದ್ದು ಜೊತೆಗಿನ ಹಾಳೆಗಳಲ್ಲಿದೆ.

ಮಾರ್ಚ್ ೨೯. ೧೨.೧೦ – ಮಗಳು ಹೊರಟಳು. ೧೨.೪೦ – ರೇಡಿಯೊ, ಜೋರು. ೧.೧೫ – ಕುರ್ಚಿ ಎಳೆದದ್ದು, ಅಡುಗೆಮನೆಯಿಂದ ಕಿಟಕಿಯವರೆಗೆ. ೧.೩೦ – ಸಿಳ್ಳೆ, ಇಂಪಾಗಿತ್ತು. ೧.೫೦ – ನಾನು ಕೆಮ್ಮಿದ್ದಕ್ಕೆ ಕೋಲು, ಹನ್ನೊಂದು ಸಲ. ೨.೧೫ – ಮತ್ತೆ ಕೋಲು, ನಾಲ್ಕು ಸಲ, ಕಾರಣವಿಲ್ಲ. ತೊಂದರೆ: ನಿದ್ದೆ ಇಲ್ಲ, ತಲೆನೋವು, ಮಾತ್ರೆ ಒಂದು.

ಮಗಳು ನಿನ್ನೆ ಬೆಳಿಗ್ಗೆ ಕೆಳಗೆ ಸಿಕ್ಕಳು. ಮೂವತ್ತು ದಾಟಿರಬೇಕು. ಕೈಬೆರಳುಗಳ ತುದಿಗೆಲ್ಲ ಪಟ್ಟಿ, ರಟ್ಟಿನ ಪೆಟ್ಟಿಗೆ ಮಡಚಿ ಮಡಚಿ ಕೊಯ್ದುಕೊಂಡಿದೆಯಂತೆ. "ಅಪ್ಪನಿಗೆ ಸಿಟ್ಟು ಜಾಸ್ತಿ ಸಿಸ್ಟರಮ್ಮ. ಬಸ್ಸು ಬಿಟ್ಟ ಮೇಲೆ ಹೀಗಾಗಿದ್ದಾರೆ. ಬೇಜಾರು ಮಾಡ್ಕೋಬೇಡಿ" ಎಂದಳು. ನಾನು ಮುಖ ಬಿಗಿದುಕೊಂಡು ಬಂದೆ. ಬಂದವಳೇ ಅದನ್ನೂ ಬರೆದಿಟ್ಟೆ.

ಕೆಮ್ಮು ವಾಸಿಯಾಗುತ್ತಿದೆ. ನಿನ್ನ ಹೆಂಡತಿಯ ಮಂಡಿ ನೋವು ಹೇಗಿದೆ ಎಂದು ಬರೆ.

ನಿನ್ನ
ಅಕ್ಕ


ಏಪ್ರಿಲ್ ೯

ಅಕ್ಕನಿಗೆ,

ಶಭಾಷ್! ಇಪ್ಪತ್ತು ವರ್ಷದಲ್ಲಿ ನನ್ನ ಸಂಘದ ಒಬ್ಬ ಗಂಡಸೂ ಇಷ್ಟು ಅಚ್ಚುಕಟ್ಟಾಗಿ ಬರೆದಿರಲಿಲ್ಲ. ಹಾಳೆ ಬಂದ ದಿನ ನಾನೂ ಇವಳೂ ಊಟ ಬಿಟ್ಟು ಓದುತ್ತೇವೆ. ಕೋಲಿನ ಲೆಕ್ಕ ಈ ವಾರ ಎಷ್ಟು ಎಂದು ನಾವಿಬ್ಬರೂ ಪಂದ್ಯ ಕಟ್ಟುತ್ತೇವೆ, ಬೈಯಬೇಡ.

ಎರಡು ತಿದ್ದುಪಡಿ. ಸಿಳ್ಳೆ ಇಂಪಾಗಿತ್ತು ಎಂದು ಬರೆದಿದ್ದೀಯಲ್ಲ, ನಿನಗೇನು ತಲೆ ಕೆಟ್ಟಿದೆಯೇ? ಎದುರಾಳಿಯ ಸಂಗೀತಕ್ಕೆ ತಲೆದೂಗುವ ಅರ್ಜಿಯನ್ನು ನಾನೆಲ್ಲೂ ಕಂಡಿಲ್ಲ. ಆ ಪದಕ್ಕೆ ಕೆಂಪು ಶಾಯಿ ಎಳೆದಿದ್ದೇನೆ. ಮಗಳು ಹೇಳಿದ್ದನ್ನು ಮಾತ್ರ ಪ್ರತ್ಯೇಕವಾಗಿ ಬರೆದು ಸುತ್ತ ಗೆರೆ ಹಾಕು. ಮನೆಯವರೇ ತಪ್ಪು ಒಪ್ಪಿಕೊಂಡ ಹಾಗೆ ಅದು. ಮುಂದೆ ಅವಳು ಸಿಕ್ಕರೆ ಮಾತಾಡಬೇಡ, ಮನಸ್ಸು ಮೆತ್ತಗಾದೀತು.

ಮಂಡಿ ನೋವು ಹಾಗೇ ಇದೆ. ನಿನ್ನ ಪುಸ್ತಕ ಓದುವಾಗ ಮಾತ್ರ ಮರೆಯುತ್ತಾಳಂತೆ.

ತಮ್ಮ


ಏಪ್ರಿಲ್ ೨೮

ತಮ್ಮ,

ಪುಸ್ತಕ ಅರ್ಧ ತುಂಬಿದೆ. ಮೊನ್ನೆ ಕಾರ್ಯದರ್ಶಿಗೆ ತೋರಿಸಿದೆ. ಹಲ್ಲುಕಡ್ಡಿ ಕೆಳಗಿಟ್ಟ. ಪುಟ ತಿರುಗಿಸಿ ತಿರುಗಿಸಿ, "ಇಷ್ಟೆಲ್ಲಾ ಬರೆದಿದ್ದೀರಾ!" ಎಂದ. ಮೇ ಹತ್ತರೊಳಗೆ ಅವರಿಗೆ ನೋಟಿಸು ಹೋಗುತ್ತದೆ, ಹದಿನೆಂಟಕ್ಕೆ ವಿಚಾರಣೆ. ಉತ್ತರ ಸರಿಯಿಲ್ಲದಿದ್ದರೆ ಮನೆ ಖಾಲಿ ಮಾಡಿಸುತ್ತಾರಂತೆ. ನೀನು ಗೆದ್ದೆ.

ಒಂದು ವಿಷಯ ಹೇಳುತ್ತೇನೆ, ನಿನ್ನ ಹೆಂಡತಿಗೆ ತೋರಿಸಬೇಡ. ಕಳೆದ ಗುರುವಾರ ಮೇಲಿನಿಂದ ಏನೂ ಸದ್ದು ಬರಲಿಲ್ಲ. ರೇಡಿಯೊ ಇಲ್ಲ, ಕುರ್ಚಿ ಇಲ್ಲ. ಹೊದ್ದು ಮಲಗಬೇಕಿತ್ತು ತಾನೇ? ಮಲಗಲಿಲ್ಲ. ಪೆನ್ನು ಹಿಡಿದು ಸೂರು ನೋಡುತ್ತಾ ಕೂತಿದ್ದೆ. ಎರಡೂವರೆಗೆ ಕುರ್ಚಿ ಎಳೆದ. ಅಬ್ಬ, ಎಂದುಕೊಂಡೆ. ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆ ಮನುಷ್ಯ ಯಾವಾಗ ಉಣ್ಣುತ್ತಾನೆ, ಯಾವಾಗ ತಟ್ಟೆ ತೊಳೆಯುತ್ತಾನೆ, ಯಾವ ಕಾಲು ಮೊದಲು ಊರುತ್ತಾನೆ, ಎಲ್ಲ ನನಗೆ ಗೊತ್ತು. ನಿನ್ನ ಭಾವನ ಜೊತೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದೆ, ಅವರ ದಿನವೂ ನನಗೆ ಇಷ್ಟು ಗೊತ್ತಿರಲಿಲ್ಲ. ನಾನು ದುಡಿದು ಬಂದು ಮಲಗುತ್ತಿದ್ದೆ, ಅವರು ಎದ್ದು ಹೋಗುತ್ತಿದ್ದರು.

ಇರಲಿ ಬಿಡು. ಇನ್ನು ಮೂರು ವಾರ.

ಅಕ್ಕ


ಮೇ ೧೪, ಸಂಜೆ ಐದು

ತಮ್ಮ,

ಐದೂಕಾಲಿಗೆ ಅಂಚೆ ಡಬ್ಬ ತೆಗೆಯುತ್ತಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ವಿಚಾರಣೆಗೆ ಮುಂಚೆ ಇದು ನಿನ್ನ ಕೈಸೇರಲಿ. ನೋಟಿಸು ಹೋದ ಮೇಲೆ ಆಟ ಹೆಚ್ಚಾಗಿದೆ. ಇವತ್ತಿನದು ಪೂರ್ತಿ ನಕಲು ಮಾಡಿದ್ದೇನೆ.

ಮೇ ೧೪. ೧೧.೩೦ – ಅಪ್ಪ ಮಗಳ ಜಗಳ, ನೋಟಿಸಿನ ವಿಷಯಕ್ಕೆ. ಮಗಳು ಅತ್ತದ್ದು ಕೇಳಿಸಿತು. ೧೨.೦೫ – ಮಗಳು ಬಾಗಿಲು ಬಡಿದು ಹೊರಟಳು. ೧೨.೪೦ – ರೇಡಿಯೊ. ೧.೦೦ – ರೇಡಿಯೊ ಬಂದ್, ತಟ್ಟೆಯ ಸದ್ದು. ೧.೧೫ – ಕುರ್ಚಿ. ೧.೩೦ – ಸಿಳ್ಳೆ. ೧.೪೫ – ಏನೋ ಭಾರವಾದದ್ದು ಬಿದ್ದ ಸದ್ದು. ೧.೫೦ – ಕೋಲು, ಒಂಬತ್ತು ಸಲ. ನಾನು ಯಾವ ಸದ್ದೂ ಮಾಡಿರಲಿಲ್ಲ. ೨.೦೫ – ಕೋಲು, ಐದು ಸಲ. ೨.೨೦ – ಕೋಲು, ಮೂರು ಸಲ, ನಿಧಾನ. ೨.೩೫ – ಸದ್ದಿಲ್ಲ. ೨.೪೦ರಿಂದ ೪.೧೫ – ನಿದ್ದೆ ಮಾಡಿದೆ.

ಇಷ್ಟು ಸಾಕಲ್ಲವೇ?

ಅಕ್ಕ


ಮೇ ೧೬

ತಮ್ಮ,

ಮೇಲಿನ ಮನೆಯ ಡ್ರೈವರ್ ತೀರಿಕೊಂಡರು. ಮೊನ್ನೆ, ಹದಿನಾಲ್ಕಕ್ಕೆ. ಏಳೂವರೆಗೆ ಮಗಳು ಬಂದು ಕಿರುಚಿದಳು. ನಾನೇ ಮೊದಲು ಮೇಲೆ ಹೋದದ್ದು. ಕಿಟಕಿಯ ಹತ್ತಿರ ಬಿದ್ದಿದ್ದರು. ನಾಡಿ ನೋಡಿದೆ. ಕೈ ತಣ್ಣಗಾಗಿ ಬಹಳ ಹೊತ್ತಾಗಿತ್ತು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು ಡಾಕ್ಟರು.

ವಿಚಾರಣೆ ರದ್ದಾಗಿದೆ.

ಹದಿನಾಲ್ಕರ ಕಾಗದ ನಿನಗೆ ತಲುಪಿದರೆ ಅದನ್ನು ನಿನ್ನ ಹೆಂಡತಿಗೆ ತೋರಿಸಬೇಡ.

ಅಕ್ಕ


ಮೇ ೨೧

ಅಕ್ಕ,

ಎರಡೂ ಕಾಗದ ಒಂದೇ ದಿನ ಬಂದವು. ಹದಿನಾರರದನ್ನು ಮೊದಲು ಒಡೆದೆ. ಆಮೇಲೆ ಇನ್ನೊಂದನ್ನು ಓದಿದೆ. ಒಂದೂ ಐವತ್ತರ ಸಾಲಿಗೆ ಬಂದು ನಿಂತೆ, ಮತ್ತೆ ಮೊದಲಿಂದ ಓದಿದೆ. ಇವಳಿಗೆ ತೋರಿಸಿಲ್ಲ. ಈ ವಾರ ಹಾಳೆ ಯಾಕೆ ಬರಲಿಲ್ಲ ಎಂದು ಕೇಳಿದಳು, ಅಂಚೆಯಲ್ಲಿ ಕಳೆದುಹೋಗಿರಬೇಕು ಎಂದೆ.

ಅಕ್ಕ, ಆ ಪುಟವನ್ನು ಹರಿದುಬಿಡು. ಇಡೀ ಪುಸ್ತಕವನ್ನೇ ಸುಟ್ಟರೂ ಸರಿ. ನನ್ನ ಹತ್ತಿರ ಇರುವುದನ್ನು ನಾನು ಇಲ್ಲದಂತೆ ಮಾಡುತ್ತೇನೆ, ನೀನು ಹೂಂ ಎಂದರೆ ಸಾಕು. ಕಾರ್ಯದರ್ಶಿ ನೋಡಿದ್ದು ಏಪ್ರಿಲಿನವರೆಗಿನದು ಮಾತ್ರ ತಾನೇ? ಹಾಗಾದರೆ ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ.

ಹೋಗಬೇಡ ಎಂದು ಎರಡು ಗೆರೆ ಎಳೆದವನು ನಾನು. ತಪ್ಪೆಲ್ಲ ನನ್ನದು. ದಿನಾ ಕುಟ್ಟುತ್ತಿದ್ದವನು ಅಂದು ಯಾಕೆ ಕುಟ್ಟುತ್ತಿದ್ದಾನೆ ಎಂದು ನಿದ್ದೆಗಣ್ಣಿನಲ್ಲಿ ನಿನಗೆ ಹೇಗೆ ಗೊತ್ತಾಗಬೇಕು? ನೀನು ಮಲಗಿದ್ದೆ. ಅಷ್ಟೇ.

ಸ್ವಲ್ಪ ದಿನ ಇಲ್ಲಿಗೆ ಬಂದಿರು. ನಿಲ್ದಾಣಕ್ಕೆ ನಾನೇ ಬರುತ್ತೇನೆ.

ತಮ್ಮ


ಜೂನ್ ೫

ತಮ್ಮ,

ಉತ್ತರ ತಡವಾಯಿತು. ನಾಲ್ಕು ಸಲ ಬರೆದು ಹರಿದೆ. ಹರಿದದ್ದು ಕಾಗದವನ್ನು, ಪುಸ್ತಕವನ್ನಲ್ಲ.

ಮೇಲೆ ಈಗ ಆ ಹುಡುಗಿ ಒಬ್ಬಳೇ. ಸಾವಿನ ಮನೆಗೆ ಬಂದ ಅವಳ ಅಣ್ಣ, ಮೆಟ್ಟಿಲಲ್ಲಿ ಎಲ್ಲರೂ ನಿಂತಿದ್ದಾಗ, "ಅಪ್ಪನ್ನ ಬಿದ್ದಲ್ಲೇ ಬಿಟ್ಟು ಕೆಲಸಕ್ಕೆ ಹೋದವಳು ಇವಳು" ಎಂದ. ಸತ್ತು ಬಹಳ ಹೊತ್ತಾಗಿದೆ ಎಂದಿದ್ದರು ಡಾಕ್ಟರು, ಎಷ್ಟು ಹೊತ್ತು ಎಂದು ಖಚಿತವಾಗಿ ಹೇಳಲಿಲ್ಲ. ಆ ಒಂದು ಮಾತು ಹಿಡಿದುಕೊಂಡು ಅಣ್ಣ ಫೋನಿನಲ್ಲೂ ದಿನಾ ಅದನ್ನೇ ಹೇಳುತ್ತಾನಂತೆ. ನೆಂಟರೆಲ್ಲ ಅವನ ಕಡೆ.

ಹೋದ ಭಾನುವಾರ ನನ್ನ ಮನೆಗೆ ಬಂದಳು. ಹೊಸ್ತಿಲಲ್ಲೇ ಕೂತಳು, ಒಳಗೆ ಬಾ ಎಂದರೂ ಬರಲಿಲ್ಲ. "ಅವತ್ತು ಜಗಳ ಆಗಿತ್ತು ಸಿಸ್ಟರಮ್ಮ. ಅಪ್ಪ ಆ ಕಿಟಕಿ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ನಾನು ಹೋಗ್ತೀನಿ ಅಂತಾನೂ ಹೇಳಲಿಲ್ಲ. ಅಣ್ಣ ಹೇಳೋದು ನಿಜ ಇರಬಹುದು. ನಾನು ಚಪ್ಪಲಿ ಹಾಕ್ಕೊಳ್ತಾ ಇದ್ದಾಗಲೇ ಅವರು ಒಳಗೆ ಬಿದ್ದಿದ್ರೇನೋ" ಎಂದಳು. ಅವಳಿಗೆ ಕೆಲಸದಲ್ಲೂ ಕೈ ಓಡುತ್ತಿಲ್ಲವಂತೆ. ಪೆಟ್ಟಿಗೆ ಮಡಚುವಾಗ ಆ ಬಾಗಿಲೇ ಕಣ್ಣ ಮುಂದೆ ಬರುತ್ತದಂತೆ. ಕೊನೆಗೆ ಕೇಳಿದಳು. "ನೀವು ಕೆಳಗೇ ಇದ್ರಲ್ಲ, ಏನಾದ್ರೂ ಕೇಳಿಸ್ತಾ?"

"ಮಲಗಿದ್ದೆ ಕಣಮ್ಮ" ಎಂದೆ.

ಪುಸ್ತಕ ಅಲ್ಲೇ ಮೇಜಿನ ಮೇಲಿತ್ತು. ಅವಳು ಹೊರಟಾಗ ಅವರು ಚೆನ್ನಾಗಿದ್ದರು ಎಂದು ಅದರಲ್ಲಿದೆ. ರೇಡಿಯೊ ಹಾಕಿದ್ದು, ಊಟ ಮಾಡಿದ್ದು, ಸಿಳ್ಳೆ ಹಾಕಿದ್ದು, ನಿಮಿಷದ ಸಮೇತ ಇದೆ. ಅವಳ ಎದೆಯ ಮೇಲಿನ ಕಲ್ಲು ಎತ್ತುವುದಕ್ಕೆ ಜಗತ್ತಿನಲ್ಲಿ ಇರುವುದು ಅದೊಂದೇ ಕಾಗದ. ಅದನ್ನು ಕೊಟ್ಟರೆ ಅದರ ಕೆಳಗಿನ ಸಾಲುಗಳನ್ನೂ ಕೊಡಬೇಕು.

ಈಗ ನಿನಗೆ ನಿಜ ಹೇಳುತ್ತೇನೆ. ನಾನು ಮಲಗಿರಲಿಲ್ಲ. ಪುಸ್ತಕದಲ್ಲಿ ನಾನು ಬರೆದ ಒಂದೇ ಸುಳ್ಳು ಅದು.

ವಾರ್ಡಿನಲ್ಲಿ ರೋಗಿ ಗಂಟೆ ಒತ್ತಿದರೆ ನಾವು ಮೊದಲು ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳುತ್ತಿದ್ದೆವು, ಆಮೇಲೆ ಓಡುತ್ತಿದ್ದೆವು. ಎಷ್ಟು ಹೊತ್ತಿಗೆ ಕರೆದರು ಎಂದು ಡಾಕ್ಟರು ಕೇಳುತ್ತಾರೆಂದು. ಕೈ ಬರೆಯುವ ಹೊತ್ತಿಗೆ ಕಾಲು ಚಪ್ಪಲಿಯಲ್ಲಿರುತ್ತಿತ್ತು. ಅಂದು ಒಂದೂ ಐವತ್ತಕ್ಕೆ ಸಿಟ್ಟಿನಿಂದ ಬರೆದೆ. ಎರಡೂ ಐದಕ್ಕೆ ಬರೆಯುವಾಗ ಇದು ಬೇರೆ ಥರ ಎನಿಸಿತು. ಅವರು ಕುಟ್ಟುವುದರಲ್ಲಿ ಒಂದು ಗತ್ತಿತ್ತು, ಅದು ಇರಲಿಲ್ಲ. ಎರಡೂ ಇಪ್ಪತ್ತಕ್ಕೆ ನನಗೆ ಗೊತ್ತಾಯಿತು ತಮ್ಮ. ಎದ್ದು ಕೂತೆ. ಕಾಲು ಚಪ್ಪಲಿಗೆ ಹೋಯಿತು. ಹೊತ್ತು ಬರೆದೆ. ಓಡಲಿಲ್ಲ.

ನಾಲ್ಕು ದಿನದಲ್ಲಿ ವಿಚಾರಣೆ. ಹೋದರೆ ಬಾಗಿಲು ತೆರೆದು ನಗುತ್ತಾನೆ, ಬಂದೆಯಾ ಸಿಸ್ಟರಮ್ಮ ಎನ್ನುತ್ತಾನೆ, ಎಂದುಕೊಂಡೆ. ನಾನಾಗಿ ಹೋದರೆ ಸೋತ ಹಾಗೆ ಎಂದುಕೊಂಡೆ. ಸದ್ದು ನಿಂತಿತು. ಅದರ ಮೇಲೆ ಭಯವಾಯಿತು. ಈಗ ಹೋದರೆ ಏನು ಕಾಣಬೇಕಾದೀತೋ ಎಂಬ ಭಯ. ನಾಲ್ಕೂಕಾಲಿನವರೆಗೆ ಕಣ್ಣು ಬಿಟ್ಟುಕೊಂಡು ಬಿದ್ದಿದ್ದೆ. ಆಮೇಲೆ ಎದ್ದು ನಿದ್ದೆ ಮಾಡಿದೆ ಎಂದು ಬರೆದು, ನಿನಗೆ ನಕಲು ಮಾಡಿ, ಡಬ್ಬಕ್ಕೆ ಹಾಕಿ ಬಂದೆ. ಅಂಥ ಹೆಂಗಸು ನಿನ್ನ ಅಕ್ಕ.

ತಪ್ಪು ನಿನ್ನದೆಂದು ಎಳೆದುಕೊಳ್ಳಬೇಡ. ನೀನು ಬರೆದ ಆ ಸಾಲು ನನಗೆ ಅನುಕೂಲವಾಗಿ ಒದಗಿತು, ಅಷ್ಟೇ. ಬೇಕೆನಿಸಿದ್ದರೆ ಎರಡಲ್ಲ, ಹತ್ತು ಗೆರೆ ದಾಟಿಕೊಂಡು ಹೋಗುತ್ತಿದ್ದೆ.

ನಿನ್ನ ಹಾಳೆ ಹರಿಯಬೇಡ.

ಅಕ್ಕ


ಜೂನ್ ೧೨

ಅಕ್ಕ,

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಎರಡು ದಿನ ತಿರುಗಿದೆ. ಇವಳು ಶರ್ಟು ಒಗೆಯಲು ತೆಗೆದುಕೊಂಡಾಗ ಸಿಕ್ಕಿಬಿಟ್ಟಿತು. ಓದಿದಳು. ರಾತ್ರಿ ಅಡುಗೆ ಮಾಡಲಿಲ್ಲ.

ಕೊಡಬೇಡ ಎಂದು ಮೊದಲು ಬರೆದಿದ್ದೆ. ಅವಳ ಅಣ್ಣ ಒರಟನ ಹಾಗೆ ಕಾಣುತ್ತಾನೆ. ನಾಳೆ ನಿನ್ನ ಬಾಗಿಲಿಗೆ ಬಂದು ಏನು ಬೇಕಾದರೂ ಮಾಡಬಹುದು, ಪೊಲೀಸಿಗೂ ಹೋಗಬಹುದು. ಮೂವತ್ತನಾಲ್ಕು ವರ್ಷದ ನಿನ್ನ ಹೆಸರು ಒಂದು ಪುಟದಲ್ಲಿ ಮಣ್ಣುಪಾಲಾಗುತ್ತದೆ. ಇದನ್ನೆಲ್ಲ ಬರೆದು, ಸಹಿ ಮಾಡಿ, ಆಮೇಲೆ ನಿನ್ನ ಹಳೆಯ ಹಾಳೆಗಳನ್ನು ತೆಗೆದು ನೋಡಿದೆ. ನನ್ನ ಕೆಂಪು ಶಾಯಿ ಎಲ್ಲ ಕಡೆ ಇದೆ. ಮೂರು ತಿಂಗಳಲ್ಲಿ ಒಂದು ಸಲವಾದರೂ ಆ ಮನುಷ್ಯನಿಗೆ ಕಾಲಿಗೇನಾಗಿದೆ ಎಂದು ನಾನು ನಿನ್ನನ್ನು ಕೇಳಲಿಲ್ಲ. ಕೋಲಿನ ಲೆಕ್ಕ ಹಿಡಿದು ಪಂದ್ಯ ಕಟ್ಟಿದೆ. ಹಳೆಯ ಚಟ, ಎದುರಿಗೆ ಯಾರಾದರೂ ಸಿಕ್ಕರೆ ಸಾಕು ನನಗೆ.

ಹೋಗಬೇಡ ಎಂದು ಒಮ್ಮೆ ಹೇಳಿ ಆಗಿದೆ. ಇನ್ನು ಹೋಗು ಎನ್ನಲೂ ನನಗೆ ಬಾಯಿಲ್ಲ, ಬೇಡ ಎನ್ನಲೂ ಬಾಯಿಲ್ಲ. ನೀನು ಏನು ಮಾಡಿದರೂ ನನ್ನ ಅಕ್ಕನೇ.

ತಮ್ಮ


ಜೂನ್ ೨೪

ತಮ್ಮ,

ನಿನ್ನೆ ಮೇಲೆ ಹೋದೆ. ಬೆಳಿಗ್ಗೆ ಹತ್ತೂವರೆ, ಭಾನುವಾರ, ಅವಳಿಗೆ ರಜೆ. ಹದಿನೆಂಟು ಮೆಟ್ಟಿಲು. ಪುಸ್ತಕ ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಹೋಗಿದ್ದೆ, ಬಾಗಿಲ ಮುಂದೆ ನಿಂತ ಮೇಲೆ ಹೊರಗೆ ತೆಗೆದು ಹಿಡಿದುಕೊಂಡೆ.

ಅವಳು ಬಾಗಿಲು ತೆರೆದಳು. ಮನೆಯನ್ನು ನಾನು ನೆಟ್ಟಗೆ ನೋಡಿದ್ದು ಅದೇ ಮೊದಲು. ಅವತ್ತು ನೋಡಿದ್ದು ಅವರನ್ನು ಮಾತ್ರ. ಕಬ್ಬಿಣದ ಕುರ್ಚಿ ಕಿಟಕಿಯ ಹತ್ತಿರವೇ ಇದೆ. ಅಲ್ಲಿಂದ ಬಸ್ ನಿಲ್ದಾಣ ಕಾಣುತ್ತದೆ, ತಮ್ಮ. ಬರುವ ಬಸ್ಸು, ಹೋಗುವ ಬಸ್ಸು ಎಲ್ಲ ಕಾಣುತ್ತದೆ. ಅದಕ್ಕೇ ದಿನಾ ಆ ಕುರ್ಚಿ ಎಳೆಯುತ್ತಿದ್ದದ್ದು. ನಾನು ಎಲ್ಲಿಂದ ಎಲ್ಲಿಗೆ ಎಳೆದರು ಎಂದು ಬರೆದಿದ್ದೆ, ಯಾಕೆ ಎಂಬುದಕ್ಕೆ ನಮ್ಮ ಪುಸ್ತಕದಲ್ಲಿ ಜಾಗವಿರಲಿಲ್ಲ.

ನಿಂತೇ ಹೇಳಿದೆ. "ನಾನು ನಿಮ್ಮ ಮೇಲೆ ದೂರು ಕೊಡೋದಕ್ಕೆ ಬರೆದಿಟ್ಟ ಪುಸ್ತಕ ಇದು. ಅವತ್ತಿನ ಪುಟ ಇದರಲ್ಲಿದೆ. ನೀನು ಹೊರಟಾಗ ನಿಮ್ಮಪ್ಪ ಚೆನ್ನಾಗಿದ್ರು. ಅಣ್ಣನಿಗೆ ತೋರಿಸು. ಆದರೆ ಕೊನೇವರೆಗೆ ಓದಬೇಕು."

ಅವಳು ಕೈ ಚಾಚಲಿಲ್ಲ. "ನೀವೇ ಓದಿ" ಎಂದಳು.

"ನೀನೇ ನೋಡಮ್ಮ, ಸ್ಪಷ್ಟವಾಗೇ ಬರೆದಿದ್ದೀನಿ."

"ಇಲ್ಲ. ನಿಮ್ಮ ಬಾಯಲ್ಲೇ ಕೇಳ್ಬೇಕು."

ಓದಿದೆ. ಜಗಳದ ಸಾಲು, ಅವಳು ಬಾಗಿಲು ಬಡಿದದ್ದು ಓದಿದೆ. ಹನ್ನೆರಡೂ ನಲವತ್ತರ ರೇಡಿಯೊ ಓದಿದಾಗ ಅವಳು ಗೋಡೆಗೆ ಒರಗಿ ಕೆಳಗೆ ಕೂತಳು. "ಊಟ ಮಾಡಿದ್ರಾ?" ಎಂದಳು. ತಟ್ಟೆಯ ಸದ್ದು ಇದೆ ಎಂದೆ. ಪಟ್ಟಿ ಕಟ್ಟಿದ ಬೆರಳುಗಳಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಷ್ಟಕ್ಕೇ ನಿಲ್ಲಿಸಿಬಿಡೋಣ ಎಂದು ಒಂದು ಕ್ಷಣ ನನಗೂ ಆಸೆಯಾಯಿತು, ನಿನ್ನ ಹತ್ತಿರ ಮುಚ್ಚಿಡುವುದೇಕೆ. ಆಮೇಲೆ ಓದಿದೆ. ಭಾರವಾದದ್ದು ಬಿದ್ದ ಸದ್ದು. ಕೋಲು, ಒಂಬತ್ತು ಸಲ. ಕೋಲು, ಐದು ಸಲ. ಕೋಲು, ಮೂರು ಸಲ, ನಿಧಾನ. ಸದ್ದಿಲ್ಲ. ನಿದ್ದೆ ಮಾಡಿದೆ.

"ಈ ಕೊನೇ ಸಾಲು ಸುಳ್ಳು" ಎಂದೆ. "ನಿದ್ದೆ ಮಾಡಲಿಲ್ಲ. ಕರೀತಾ ಇದ್ದಾರೆ ಅಂತ ಗೊತ್ತಿತ್ತು. ಬರಲಿಲ್ಲ."

ಅವಳು ಅಳು ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಬೈಯಲಿ, ಹೊಡೆಯಲಿ ಎಂದು ನಿಂತಿದ್ದೆ. ಕೂತುಕೊಳ್ಳಿ ಎಂದು ಅವಳು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಬಂದಿದ್ದರೆ ಬದುಕುತ್ತಿದ್ದರಾ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ತಲೆಯೊಳಗಿನ ರಕ್ತಸ್ರಾವಕ್ಕೆ ಕೆಲವರು ಉಳಿಯುತ್ತಾರೆ, ಕೆಲವರು ಉಳಿಯುವುದಿಲ್ಲ. ಆದರೆ ಒಬ್ಬರೇ ಇರುತ್ತಿರಲಿಲ್ಲ, ಯಾರಾದರೂ ಕೈ ಹಿಡಿದುಕೊಂಡಿರುತ್ತಿದ್ದರು, ಎಂದೆ. ಅದನ್ನು ಹೇಳುವಾಗ ನನಗೂ ಅಳು ತಡೆಯಲಾಗಲಿಲ್ಲ.

"ನಿಮ್ಮನ್ನ ನಾನು ಕ್ಷಮಿಸಲ್ಲ" ಎಂದಳು. ಸಿಟ್ಟಿಲ್ಲದೆ, ಅಂಗಡಿಯಲ್ಲಿ ಸಾಮಾನಿಲ್ಲ ಎಂದು ಹೇಳುವವರ ಹಾಗೆ ಹೇಳಿದಳು. ಹೂಂ ಎಂದೆ. ಪುಸ್ತಕ ಕುರ್ಚಿಯ ಮೇಲಿಟ್ಟು ಹೊರಟೆ.

ಬಾಗಿಲ ಹತ್ತಿರ ಬಂದಾಗ ಅವಳ ದನಿ ಕೇಳಿಸಿತು. "ಸಿಳ್ಳೆ ಹಾಕ್ತಿದ್ರಾ?"

ತಿರುಗಿದೆ. ದಿನಾ ಹಾಕುತ್ತಿದ್ದರು, ಒಂದೂವರೆಗೆ, ಎಂದೆ.

"ನನ್ನ ಮುಂದೆ ಒಂದು ದಿನಾನೂ ಹಾಕಿಲ್ಲ. ಅಮ್ಮ ಹೋದ ಮೇಲೆ ಬಿಟ್ಟೇಬಿಟ್ರು ಅಂದ್ಕೊಂಡಿದ್ದೆ." ಅವಳು ಎದ್ದು, ಕುರ್ಚಿಯ ಮೇಲಿನ ಪುಸ್ತಕ ತೆಗೆದು, ನನ್ನ ಕೈಗೆ ಕೊಟ್ಟಳು. "ಹೋಗ್ಬೇಡಿ. ಮೊದಲಿಂದ ಓದಿ."

ಓದಿದೆ. ಮಾರ್ಚ್ ಹದಿನೈದರಿಂದ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಎಷ್ಟು ಗಂಟೆಗೆ ಎಂದು ನಾನು ಓದದೆ ಬಿಟ್ಟರೆ ಕೇಳುತ್ತಿದ್ದಳು. ನನ್ನ ಕೆಮ್ಮಿಗೆ ಅವರು ಹನ್ನೊಂದು ಸಲ ಕುಟ್ಟಿದ ದಿನ ಓದಿದಾಗ ಅವಳ ತುಟಿ ಸ್ವಲ್ಪ ಅರಳಿತು, ಕೂಡಲೇ ಮುಖ ಆ ಕಡೆ ತಿರುಗಿಸಿಕೊಂಡಳು. ಎರಡು ಗಂಟೆಯಾಯಿತು. ಇಬ್ಬರೂ ಊಟ ಮಾಡಿರಲಿಲ್ಲ. ಇವತ್ತಿಗೆ ಸಾಕು ಎಂದಳು, ನಾಳೆ ಕೆಲಸಕ್ಕೆ ಹೋಗುವ ಮುಂಚೆ ಬನ್ನಿ ಎಂದಳು.

ಅಣ್ಣನಿಗೆ ಅವಳು ಏನು ತೋರಿಸುತ್ತಾಳೆ, ಎಷ್ಟು ತೋರಿಸುತ್ತಾಳೆ, ನಾನು ಕೇಳಲಿಲ್ಲ. ಯಾರು ಬಂದರೂ ನಾನು ಇಲ್ಲೇ ಇರುತ್ತೇನೆ, ನಿನ್ನ ಊರಿಗೆ ಈಗ ಬರಲಾಗುವುದಿಲ್ಲ.

ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಆರು ಪುಟ ಓದಿ ಬಂದೆ. ಇನ್ನೂ ನಲವತ್ತು ಪುಟ ಇದೆ.

ಅಕ್ಕ